ಫಿಲೋಮಿನಾ ಎಂಬ ಹೆಸರಿನ ಕತೆ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಹತ್ತನೆಯ ತರಗತಿವರೆಗೆ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಬರೆದದ್ದರಲ್ಲಿ ಅರ್ಧ ಅಂಕಿ, ಅರ್ಧ ಹೆಸರು. ಅಂಕಿ ತಪ್ಪಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತದೆ, ಯಾಕೆಂದರೆ ಲೆಕ್ಕ ಕೂಡುವುದಿಲ್ಲ. ಹೆಸರು ತಪ್ಪಿದರೆ ಹತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಒಂದು ಮನೆ ಕಷ್ಟದಲ್ಲಿರುತ್ತದೆ. ಅಂಥ ಒಂದು ಹೆಸರಿನ ವಿಚಾರ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಹೆಸರು ಫಿಲೋಮಿನಾ.

ಈಗಿನ ಮಕ್ಕಳಿಗೆ ಈ ಹೆಸರು ಇಡುವವರು ಕಡಿಮೆ. ಆದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ನಿಮ್ಮ ನೆರೆಯಲ್ಲಿ ಕ್ರೈಸ್ತರ ಮನೆಯಿದ್ದರೆ ಅಲ್ಲೊಬ್ಬ ಫಿಲೋಮಿನಾ ಅಜ್ಜಿ ಇದ್ದಿರಬಹುದು. ಮಲಯಾಳ ಸಿನಿಮಾ ನೋಡಿದವರಿಗಂತೂ ಹೆಸರು ಹೊಸದಲ್ಲ. 1991ರ ‘ಗಾಡ್‌ಫಾದರ್’ ಚಿತ್ರದಲ್ಲಿ ಆನಪ್ಪಾರ ಅಚ್ಚಮ್ಮನಾಗಿ ಮನೆಯನ್ನೆಲ್ಲ ನಡುಗಿಸಿದ ನಟಿಯ ಹೆಸರೂ ಫಿಲೋಮಿನಾ. ಅವರು 2006ರಲ್ಲಿ ತೀರಿಕೊಂಡರು. ಪುತ್ತೂರಿಗೆ ಓದಲು ಹೋದ ನಮ್ಮ ಊರುಗಳ ಹುಡುಗ ಹುಡುಗಿಯರಿಗೆ 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಗೊತ್ತು. ವಯನಾಡಿನವರು, ತಾಳವಾಡಿಯವರು ಮೈಸೂರಿಗೆ ಹೋದಾಗ ಎರಡು ಎತ್ತರದ ಗೋಪುರಗಳ ಸಂತ ಫಿಲೋಮಿನಾ ಇಗರ್ಜಿಯನ್ನು ತಲೆಯೆತ್ತಿ ನೋಡಿರುತ್ತೀರಿ. ಹೆಸರು ಬಾಯಿಗೆ ಪರಿಚಿತ. ಅದರ ಅರ್ಥವೇನು, ಎಲ್ಲಿಂದ ಬಂತು ಎಂದು ಕೇಳಿದವರು ಎಷ್ಟು ಮಂದಿ? ನಾನೂ ಕೇಳಿರಲಿಲ್ಲ, ಒಬ್ಬ ತಾಯಿ ನನ್ನನ್ನು ಕೇಳುವ ತನಕ.

ಆ ತಾಯಿಯ ಹೆಸರು ಇದೇ. 1946ರ ಆಗಸ್ಟ್ ತಿಂಗಳಲ್ಲಿ ಹುಟ್ಟಿದವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಸರಕಾರಿ ಕಾಗದ ಬರುವುದು ಮಲಯಾಳದಲ್ಲಿ. ಇಗರ್ಜಿಯ ಜ್ಞಾನಸ್ನಾನದ ದಾಖಲೆಯಲ್ಲಿ ಅವರ ಹೆಸರು ಪೋರ್ಚುಗೀಸರ ರೀತಿಯಲ್ಲಿ ‘ಎಫ್’ ಅಕ್ಷರದಿಂದ ಆರಂಭ. ಶಾಲೆಯ ಸರ್ಟಿಫಿಕೇಟಿನಲ್ಲಿ ಇಂಗ್ಲಿಷ್ ರೀತಿಯಲ್ಲಿ ‘ಪಿ’, ‘ಎಚ್’ ಸೇರಿಸಿ, ನಡುವೆ ‘ಇ’. ರೇಶನ್ ಕಾರ್ಡಿನಲ್ಲಿ ಕೇರಳದ ರೂಢಿಯಂತೆ ನಡುವೆ ‘ಐ’. ಇನ್ನು ನಾಲ್ಕನೆಯದು ಬ್ಯಾಂಕಿನ ಪುಸ್ತಕ. ಅದರಲ್ಲಿ ಬರೀ ‘ಪಿ’ ಹಾಕಿ ‘ಪಿಲೋಮಿನ’ ಎಂದು ಬರೆದಿತ್ತು. ಬರೆದ ಕೈ ನನ್ನದೇ. ಅವರ ಗಂಡ ಠೇವಣಿ ಇಟ್ಟಾಗ, ತನ್ನ ನಂತರ ಹಣ ಹೆಂಡತಿಗೆ ಸೇರಬೇಕೆಂದು ಹೆಸರು ಹೇಳಿದರು. ನಾನು ಕಿವಿಗೆ ಬಿದ್ದಂತೆ ಬರೆದುಕೊಂಡೆ. ಕಾಗದ ತೋರಿಸಿ ಎಂದು ಕೇಳಲಿಲ್ಲ. ಸಾಲು ಉದ್ದವಿತ್ತು ಎಂಬುದೊಂದೇ ನನ್ನ ಸಮರ್ಥನೆ.

1996ರಲ್ಲಿ ಗಂಡ ತೀರಿಕೊಂಡರು. ಆ ತಾಯಿ ಠೇವಣಿ ಬಿಡಿಸಲು ಬಂದಾಗ ನಾಲ್ಕು ಕಾಗದದಲ್ಲಿ ನಾಲ್ಕು ಹೆಂಗಸರಿದ್ದಂತಾಯಿತು. ಮುಂದೇನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಆ ದಿನ ಅವರು ಕೌಂಟರಿನ ಆಚೆ ನಿಂತು ಕೇಳಿದ ಎರಡು ಪ್ರಶ್ನೆಗಳನ್ನು ಮಾತ್ರ ಈಗ ಹೇಳಿಬಿಡುತ್ತೇನೆ. ಒಂದು: “ಇದರಲ್ಲಿ ನನ್ನ ಸರಿಯಾದ ಹೆಸರು ಯಾವುದು ಮಾಸ್ಟ್ರೇ?” ಎರಡು: “ಆ ಸಂತಳೇ ಇಲ್ಲವೆಂದು ರೋಮಿನಲ್ಲಿ ತೆಗೆದುಹಾಕಿದ್ದಾರಂತೆ. ಹಾಗಾದರೆ ನನ್ನ ಹೆಸರೇ ಸುಳ್ಳೋ?” ಎರಡಕ್ಕೂ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ.

ಮೊದಲು ಅರ್ಥ. ಫಿಲೋಮಿನಾ ಗ್ರೀಕ್ ಬೇರಿನ ಹೆಸರು. ಗ್ರೀಕಿನಲ್ಲಿ ‘ಫಿಲೊಸ್’ ಎಂದರೆ ಪ್ರಿಯ, ಸ್ನೇಹಿತ. ‘ಫಿಲೆಓ’ ಎಂದರೆ ಪ್ರೀತಿಸುತ್ತೇನೆ. ಈ ಬೇರು ನಮ್ಮ ಮನೆಗಳಿಗೆ ಎಷ್ಟೋ ಹಿಂದೆ ಬಂದು ಕುಳಿತಿದೆ. ಫಿಲಾಸಫಿ ಎಂದರೆ ಜ್ಞಾನದ ಪ್ರೀತಿ. ಫಿಲಿಪ್ ಎಂಬ ಹೆಸರಿಗೆ ಕುದುರೆಯನ್ನು ಪ್ರೀತಿಸುವವನು ಎಂದರ್ಥ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಫಿಲಿಪ್ಸ್ ರೇಡಿಯೋ ಇದ್ದರೆ ಅದರ ನೆತ್ತಿಯ ಮೇಲೂ ಇದೇ ಪದವಿದೆ. 1891ರಲ್ಲಿ ಹಾಲೆಂಡಿನ ಐಂಡ್‌ಹೋವನ್ ಊರಿನಲ್ಲಿ ಆ ಕಂಪೆನಿ ಕಟ್ಟಿದ ತಂದೆ ಮಗನ ಮನೆತನದ ಹೆಸರು ಫಿಲಿಪ್ಸ್. ಫಿಲಿಪ್ ಪ್ರೀತಿಸುವವನಾದರೆ, ನಮ್ಮ ಫಿಲೋಮಿನಾ ಪ್ರೀತಿಸಲ್ಪಡುವವಳು. ಮೂಲ ಗ್ರೀಕ್ ರೂಪ ‘ಫಿಲೂಮೆನೆ’. ‘ಎಲ್ಲರ ಪ್ರೀತಿಗೆ ಪಾತ್ರಳಾದವಳು’ ಎಂದರೆ ಸರಿಹೋಗುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ‘ಫಿಲೂಮೆನೆ’ಯ ಕೊನೆಯಲ್ಲಿರುವ ‘ಮೆನೆ’ ಒಂದು ಪ್ರತ್ಯಯ. ಸಂಸ್ಕೃತದಲ್ಲಿ ಇದಕ್ಕೆ ಸರಿಯಾದ ಪ್ರತ್ಯಯ ‘ಮಾನ’. ಎರಡೂ ಒಂದೇ ಮೂಲದಿಂದ ಕವಲೊಡೆದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ನಾವು ದಿನಾ ಆಡುವ ವರ್ತಮಾನ, ವಿದ್ಯಮಾನ, ಯಜಮಾನ ಎಂಬ ಪದಗಳಲ್ಲಿ ಇರುವುದು ಅದೇ ‘ಮಾನ’. ಯಜಮಾನ ಎಂದರೆ ಯಜ್ಞ ಮಾಡುತ್ತಿರುವವನು. ವಿದ್ಯಮಾನ ಎಂದರೆ ಇರುತ್ತಿರುವುದು. (ಬಹುಮಾನ, ಅನುಮಾನದ ‘ಮಾನ’ ಬೇರೆ, ಅದನ್ನು ಇದಕ್ಕೆ ಗಂಟು ಹಾಕಬೇಡಿ.) ಅಂದರೆ ನಮ್ಮ ಮನೆಯ ಯಜಮಾನನಿಗೂ ನೆರೆಮನೆಯ ಫಿಲೋಮಿನಾ ಅಜ್ಜಿಗೂ ವ್ಯಾಕರಣದಲ್ಲಿ ದೂರದ ನೆಂಟಸ್ತಿಕೆ ಇದೆ. ಪರದೇಶದ ಹೆಸರು ಎಂದು ನಾವು ದೂರ ಇಟ್ಟದ್ದು ಅಷ್ಟೇನೂ ಪರದೇಶದ್ದಲ್ಲ.

ಅರ್ಥ ನೋಡಿದರೆ ಇನ್ನೂ ಹತ್ತಿರ. ಮಲಯಾಳದಲ್ಲಿ ‘ಓಮನ’ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುತ್ತಾರಲ್ಲ, ಮುದ್ದಿನವಳು ಎಂದರ್ಥ. ಮಡಕಶಿರಾ, ರಾಯದುರ್ಗದ ಕಡೆ ‘ಮುದ್ದಮ್ಮ’ ಇದ್ದಾಳೆ. ಸಂಸ್ಕೃತದ ‘ಪ್ರಿಯಾ’ ಎಲ್ಲ ಕಡೆಯೂ ಇದ್ದಾಳೆ. ಸೊಲ್ಲಾಪುರ, ಜತ್ತಿನ ಕಡೆಯವರಿಗೆ ಮರಾಠಿಯ ‘ಲಾಡಕಿ’ ಗೊತ್ತು. ಇವರೆಲ್ಲರೂ ಅರ್ಥದಲ್ಲಿ ಫಿಲೋಮಿನಾಳ ಅಕ್ಕತಂಗಿಯರು. ಹುಟ್ಟಿದ ಹೆಣ್ಣು ಮಗುವನ್ನು ತೊಟ್ಟಿಲಲ್ಲಿ ನೋಡಿದ ತಾಯಿಗೆ ಯಾವ ದೇಶದಲ್ಲಾದರೂ ಬರುವ ಮೊದಲ ಮಾತು ಇದೇ ಇರಬೇಕು.

ಈ ಹೆಸರಿಗೆ ಇನ್ನೆರಡು ಅರ್ಥಗಳನ್ನು ಹೇಳುವುದುಂಟು. ಅವುಗಳ ಲೆಕ್ಕವನ್ನೂ ಚುಕ್ತಾ ಮಾಡೋಣ.

ಒಂದು, ‘ಹಾಡನ್ನು ಪ್ರೀತಿಸುವವಳು’, ‘ಕೋಗಿಲೆಯಂಥ ಹಕ್ಕಿ’ ಎಂಬ ಅರ್ಥ. ಇದು ಇನ್ನೊಂದು ಹೆಸರಿನ ಜೊತೆ ಆದ ಗಲಿಬಿಲಿ. ಗ್ರೀಕ್ ಪುರಾಣದಲ್ಲಿ ಫಿಲೊಮೆಲಾ ಎಂಬ ರಾಜಕುಮಾರಿಯ ಕತೆಯಿದೆ. ಅಕ್ಕನ ಗಂಡನಾದ ತೆರೆಯುಸ್ ರಾಜ ಅವಳ ಮೇಲೆ ಅತ್ಯಾಚಾರ ಮಾಡಿ, ಯಾರಿಗೂ ಹೇಳದಿರಲೆಂದು ನಾಲಗೆ ಕತ್ತರಿಸಿದ. ಮಾತು ಕಳೆದುಕೊಂಡ ಹುಡುಗಿ ಮಗ್ಗದ ಮುಂದೆ ಕುಳಿತು ತನಗಾದದ್ದನ್ನು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸಿದಳು. ಕೊನೆಗೆ ಅಕ್ಕ ತಂಗಿ ಇಬ್ಬರೂ ಹಕ್ಕಿಗಳಾದರು. ರೋಮಿನ ಕವಿ ಓವಿಡ್ ಈ ಕತೆಯನ್ನು ಬರೆದ. ಆ ಮೇಲಿನವರು ಫಿಲೊಮೆಲಾ ಆದದ್ದು ರಾತ್ರಿ ಹಾಡುವ ನೈಟಿಂಗೇಲ್ ಹಕ್ಕಿ ಎಂದರು. ಯುರೋಪಿನ ಮಧ್ಯಯುಗದ ಬರಹಗಾರರು ‘ಲಾ’ ಇದ್ದಲ್ಲಿ ‘ನಾ’ ಬರೆದು ಎರಡು ಹೆಸರನ್ನು ಒಂದು ಮಾಡಿಬಿಟ್ಟರು. ಗುಮಾಸ್ತರು ಎಲ್ಲ ಕಾಲದಲ್ಲೂ ಇದ್ದರು ನೋಡಿ.

ಎರಡನೆಯದು, ‘ಬೆಳಕಿನ ಮಗಳು’ ಎಂಬ ಅರ್ಥ. ಲ್ಯಾಟಿನಿನಲ್ಲಿ ‘ಫಿಲಿಯಾ’ ಎಂದರೆ ಮಗಳು, ‘ಲೂಮೆನ್’ ಎಂದರೆ ಬೆಳಕು. ಎರಡನ್ನೂ ಸೇರಿಸಿದರೆ ‘ಫಿಲುಮೆನಾ’ಕ್ಕೆ ಸರಿಯಾಗಿ ಹೊಂದುತ್ತದೆ. ಕೇಳಲು ಚೆನ್ನಾಗಿದೆ. ಭಕ್ತರ ಪುಸ್ತಕಗಳಲ್ಲಿ ಈಗಲೂ ಇದನ್ನು ಅಚ್ಚು ಹಾಕುತ್ತಾರೆ. ಆದರೆ ಅದು ಹೆಸರು ಹುಟ್ಟಿ ಎಷ್ಟೋ ಶತಮಾನಗಳ ಮೇಲೆ ಹೊಳೆದ ಅರ್ಥ. ಊರಿನ ಹೆಸರಿಗೆ ಹಿರಿಯರು ಸ್ಥಳಪುರಾಣ ಕಟ್ಟುವುದಿಲ್ಲವೇ, ಹಾಗೆ. ಪ್ರೀತಿಯಿಂದ ಕಟ್ಟಿದ್ದು ಹೌದು, ಪದದ ಹುಟ್ಟು ಅದಲ್ಲ.

ಇನ್ನು ಇತಿಹಾಸ. ಹಳೆಯ ರೋಮ್ ನಗರದಲ್ಲಿ ಗ್ರೀಕ್ ಹೆಸರಿನವರು ಬಹಳ ಮಂದಿ ಇದ್ದರು. ಗುಲಾಮರಾಗಿ ಬಂದವರಲ್ಲಿ, ಬಿಡುಗಡೆ ಪಡೆದವರಲ್ಲಿ ಗ್ರೀಕ್ ಹೆಸರು ಸಾಮಾನ್ಯ. 2ನೆಯ ಶತಮಾನದಲ್ಲಿ ಅಪೆಲ್ಲೆಸ್ ಎಂಬ ಧರ್ಮಗುರುವಿನ ಜೊತೆಯಲ್ಲಿ ಫಿಲುಮೆನೆ ಎಂಬ ಪ್ರವಾದಿನಿ ಇದ್ದಳೆಂದು ಅವಳ ವಿರೋಧಿಗಳೇ ಬರೆದಿಟ್ಟಿದ್ದಾರೆ. ಸಾವಿರ ವರ್ಷ ದಾಟಿ ಬಂದರೆ, 14ನೆಯ ಶತಮಾನದ ಇಟಲಿಯಲ್ಲಿ ಬೊಕ್ಕಾಚಿಯೊ ಬರೆದ ‘ಡೆಕಾಮೆರಾನ್’ ಎಂಬ ಕತೆಗಳ ಪುಸ್ತಕದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟು ಹೋಗುವ ಹತ್ತು ಮಂದಿಯಿದ್ದಾರೆ. ಅವರಲ್ಲಿ ಏಳು ಮಂದಿ ಹೆಂಗಸರು, ಅವರಲ್ಲೊಬ್ಬಳು ಫಿಲೊಮೆನಾ. ಆದ್ದರಿಂದ ಹೆಸರು ಹಳೆಯದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಊರೂರಿಗೆ ಹಬ್ಬಿದ್ದು 1802ರ ಬಳಿಕ.

ಆ ವರ್ಷ ಮೇ ತಿಂಗಳಲ್ಲಿ ರೋಮಿನ ಸಲಾರಿಯಾ ರಸ್ತೆಯ ಬದಿಯ ಪ್ರಿಶಿಲ್ಲಾ ನೆಲಮಾಳಿಗೆ ಸ್ಮಶಾನದಲ್ಲಿ ಕೆಲಸಗಾರರು ಅಗೆಯುತ್ತಿದ್ದರು. ಗೋಡೆಯಲ್ಲಿ ಗೂಡಿನಂತಿದ್ದ ಒಂದು ಗೋರಿ ಸಿಕ್ಕಿತು. ಅದನ್ನು ಮುಚ್ಚಿದ್ದು ಮೂರು ಸುಟ್ಟ ಮಣ್ಣಿನ ಹಂಚುಗಳು. ಅವುಗಳ ಮೇಲೆ ಕೆಂಪು ಬಣ್ಣದ ಅಕ್ಷರ. ಲಂಗರು, ಬಾಣ, ತಾಳೆಗರಿಯ ಚಿತ್ರಗಳೂ ಇದ್ದವು. ಒಳಗೆ ಹದಿಮೂರು ಹದಿನಾಲ್ಕರ ಪ್ರಾಯದ ಹುಡುಗಿಯ ಎಲುಬು. ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಪಾತ್ರೆ.

ಅಕ್ಷರಗಳು ಹೀಗಿದ್ದವು. ಮೊದಲ ಹಂಚಿನಲ್ಲಿ ‘ಲುಮೆನಾ’. ಎರಡನೆಯದರಲ್ಲಿ ‘ಪಾಕ್ಸ್ ತೆ’. ಮೂರನೆಯದರಲ್ಲಿ ‘ಕುಮ್ ಫಿ’. ಓದಿದರೆ ಏನೂ ಅರ್ಥವಾಗುವುದಿಲ್ಲ. ಮೊದಲ ಹಂಚನ್ನು ತೆಗೆದು ಕೊನೆಗೆ ಇಡಿ. ‘ಪಾಕ್ಸ್ ತೆಕುಮ್ ಫಿಲುಮೆನಾ’ ಎಂದಾಗುತ್ತದೆ. ‘ಫಿಲುಮೆನಾ, ಶಾಂತಿ ನಿನ್ನೊಡನಿರಲಿ’ ಎಂದರ್ಥ. ಕನ್ನಡದಲ್ಲಿ ಹೇಳುವುದಾದರೆ, ಒಂದು ಹಂಚಿನಲ್ಲಿ ‘ಲ್ಯಾಣಿ’, ಇನ್ನೊಂದರಲ್ಲಿ ‘ನಮಸ್ಕಾರ’, ಮತ್ತೊಂದರಲ್ಲಿ ‘ತಾಯಿ ಕ’ ಎಂದು ಬರೆದಿದೆ ಎನ್ನಿ. ಮೊದಲನೆಯದನ್ನು ಕೊನೆಗೆ ತಂದರೆ ‘ನಮಸ್ಕಾರ ತಾಯಿ ಕಲ್ಯಾಣಿ’. ಅಷ್ಟೇ ಲೆಕ್ಕ.

ಅಂದಿನವರು ಗಾಜಿನ ಪಾತ್ರೆಯಲ್ಲಿದ್ದದ್ದು ರಕ್ತ, ಬಾಣ ಮತ್ತು ತಾಳೆಗರಿ ಹುತಾತ್ಮಳ ಗುರುತು ಎಂದು ತಿಳಿದರು. ಧರ್ಮಕ್ಕಾಗಿ ಪ್ರಾಣಕೊಟ್ಟ ಹುಡುಗಿ ಎಂಬ ನಂಬಿಕೆ ಹುಟ್ಟಿತು. 1805ರಲ್ಲಿ ಫ್ರಾಂಚೆಸ್ಕೊ ದಿ ಲೂಚಿಯಾ ಎಂಬ ಪಾದ್ರಿ ಆ ಅವಶೇಷಗಳನ್ನು ನೇಪಲ್ಸ್ ಹತ್ತಿರದ ಮುನ್ಯಾನೊ ಎಂಬ ಸಣ್ಣ ಊರಿಗೆ ಕೊಂಡೊಯ್ದರು. 1833ರಲ್ಲಿ ನೇಪಲ್ಸಿನ ಒಬ್ಬ ಸಂನ್ಯಾಸಿನಿ, ಸಂತಳೇ ತನಗೆ ತನ್ನ ಕತೆ ಹೇಳಿದಳೆಂದು ತಿಳಿಸಿದರು. ಅವಳು ಗ್ರೀಸಿನ ಅರಸುಮನೆಯ ಹುಡುಗಿಯಂತೆ, ರೋಮಿನ ಚಕ್ರವರ್ತಿ ಡಯೊಕ್ಲೀಶಿಯನ್ ಮದುವೆಯಾಗಲು ಕೇಳಿದನಂತೆ, ಒಪ್ಪದಾಗ ಲಂಗರು ಕಟ್ಟಿ ನದಿಗೆ ಎಸೆದನಂತೆ, ಬಾಣ ಬಿಡಿಸಿದನಂತೆ. ಹಂಚಿನ ಮೇಲಿನ ಒಂದೊಂದು ಚಿತ್ರಕ್ಕೂ ಕತೆಯಲ್ಲಿ ಒಂದೊಂದು ಘಟನೆ ಸಿಕ್ಕಿತು. ಇದು ದರ್ಶನದ ಕತೆ, ಕಾಲದ ದಾಖಲೆಯಲ್ಲ. ನಂಬುವವರು ನಂಬುತ್ತಾರೆ. ಚರಿತ್ರೆಯ ಕಡತದಲ್ಲಿ ಇರುವುದು ಒಂದು ಹೆಸರು ಮತ್ತು ಒಂದು ಹಾರೈಕೆ ಮಾತ್ರ.

ಹೆಸರನ್ನು ಹಬ್ಬಿಸಿದವರು ಮುಖ್ಯವಾಗಿ ಇಬ್ಬರು ಫ್ರೆಂಚರು. ಒಬ್ಬಳು ಲಿಯಾನ್ ಪಟ್ಟಣದ ಪೊಲೀನ್ ಜರಿಕೊ. 1799ರಲ್ಲಿ ಹುಟ್ಟಿದ ಈ ಹೆಂಗಸಿನ ಬಗ್ಗೆ ನನ್ನಂಥ ಬ್ಯಾಂಕಿನವನಿಗೆ ವಿಶೇಷ ಗೌರವ. ಕಾರಣವಿದೆ. ಒಬ್ಬೊಬ್ಬರಿಂದ ವಾರಕ್ಕೆ ಒಂದೇ ಒಂದು ‘ಸೂ’, ಅಂದರೆ ಒಂದು ಸಣ್ಣ ಕಾಸು, ಹತ್ತು ಹತ್ತು ಜನರ ಗುಂಪು ಮಾಡಿ ಕೂಡಿಸುವ ಏರ್ಪಾಡು ಅವಳದು. ನಮ್ಮ ಕರಾವಳಿಯ ಬ್ಯಾಂಕಿನವರು ಮನೆಮನೆಗೆ ಹೋಗಿ ಪಿಗ್ಮಿ ಹಣ ಎತ್ತುವುದಕ್ಕೆ ನೂರು ವರ್ಷ ಮೊದಲಿನ ಮಾತು. 1822ರಲ್ಲಿ ಅದರಿಂದ ಬೆಳೆದ ಸಂಸ್ಥೆ ದೂರದೇಶದ ಮಿಷನ್‌ಗಳಿಗೆ ಹಣ ಕಳಿಸುತ್ತಿತ್ತು. 1835ರಲ್ಲಿ ಪೊಲೀನ್ ಬದುಕುವುದಿಲ್ಲ ಎಂಬಷ್ಟು ಕಾಯಿಲೆ ಬಿದ್ದು, ಮುನ್ಯಾನೊಗೆ ಹೋಗಿ, ಗುಣವಾಗಿ ಬಂದಳು. ಸುದ್ದಿ ಯುರೋಪಿನಲ್ಲೆಲ್ಲ ಹರಡಿತು. 1837ರಲ್ಲಿ ಪೋಪ್ 16ನೆಯ ಗ್ರೆಗರಿ ಸಂತಳ ಹಬ್ಬಕ್ಕೆ ಅನುಮತಿ ಕೊಟ್ಟರು. ಆಗಸ್ಟ್ 11 ಹಬ್ಬದ ದಿನವಾಯಿತು. ಎರಡನೆಯವರು ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನ್ನಿ. ತನ್ನಿಂದ ಆಯಿತೆಂದು ಜನ ಹೇಳುವ ಒಳಿತನ್ನೆಲ್ಲ ಅವರು ಫಿಲೋಮಿನಾಳ ಖಾತೆಗೆ ಜಮೆ ಮಾಡುತ್ತಿದ್ದರು. ಅವರು 1859ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಫ್ರಾನ್ಸ್, ಇಟಲಿಗಳ ತೊಟ್ಟಿಲುಗಳಲ್ಲಿ ಈ ಹೆಸರು ತುಂಬಿತ್ತು. ಮುಂದೆ ಐರ್ಲೆಂಡಿನಲ್ಲಿ ಮನೆಮಾತಾಯಿತು.

ನಮ್ಮ ಕಡೆಗೆ ಹೇಗೆ ಬಂತು? ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದವರು ಪ್ಯಾರಿಸಿನ ಫ್ರೆಂಚ್ ಮಿಷನರಿಗಳು. ತಮ್ಮ ದೇಶದ ಭಕ್ತಿಯನ್ನು ಅವರು ಜೊತೆಯಲ್ಲೇ ತಂದರು. ಕರಾವಳಿಯಲ್ಲಿ ಗೋವೆಯ ಪೋರ್ಚುಗೀಸ್ ರೂಢಿ ಗಟ್ಟಿಯಾಗಿತ್ತು. ಹೀಗಾಗಿ ಒಂದೇ ಹೆಸರಿಗೆ ಘಟ್ಟದ ಮೇಲೊಂದು ಕಾಗುಣಿತ, ಕೆಳಗೊಂದು ಕಾಗುಣಿತ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1843ರ ಒಂದು ಇಗರ್ಜಿಯಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರಿಗೆ 1926ರಲ್ಲಿ ಪೋಪರ ಪ್ರತಿನಿಧಿಯ ಮೂಲಕ ಸಂತಳ ಅವಶೇಷದ ಒಂದು ತುಣುಕು ದೊರೆಯಿತು. ಅದನ್ನಿಡಲು ದೊಡ್ಡ ದೇವಾಲಯ ಬೇಕೆಂದಾಯಿತು. 1933ರಲ್ಲಿ ನಾಲ್ವಡಿಯವರೇ ಬಂದು ಅಸ್ತಿಭಾರದ ಕಲ್ಲಿಟ್ಟರು. ಹಿಂದೂ ಅರಸ, ಗ್ರೀಕ್ ಹೆಸರಿನ ರೋಮಿನ ಹುಡುಗಿ, ಜರ್ಮನಿಯ ಕಲೋನ್ ಇಗರ್ಜಿಯನ್ನು ಹೋಲುವ ಕಟ್ಟಡ, 175 ಅಡಿಯ ಎರಡು ಗೋಪುರ. 1946ರಲ್ಲಿ ಅದೇ ಊರಿನಲ್ಲಿ ಅವಳ ಹೆಸರಿನ ಕಾಲೇಜೂ ಬಂತು. ನಮ್ಮ ತಾಯಿ ಹುಟ್ಟಿದ್ದು ಅದೇ ವರ್ಷ, ಹಬ್ಬದ ತಿಂಗಳಲ್ಲಿ. ಬೇರೆ ಹೆಸರು ಇಡುವ ಯೋಚನೆಯೇ ಮನೆಯವರಿಗೆ ಬಂದಿರಲಿಕ್ಕಿಲ್ಲ.

ಈಗ ಆ ತಾಯಿಯ ಎರಡನೆಯ ಪ್ರಶ್ನೆಗೆ ಬರೋಣ. 20ನೆಯ ಶತಮಾನದ ಆರಂಭದಲ್ಲೇ ಒರಾಜಿಯೊ ಮಾರುಕ್ಕಿ ಎಂಬ ಪುರಾತತ್ತ್ವಜ್ಞರು ಒಂದು ಸಂಶಯ ಎತ್ತಿದ್ದರು. ಹಂಚುಗಳು ಅದಲುಬದಲಾಗಿದ್ದು ಯಾಕೆ? ಹಳೆಯ ಗೋರಿಯ ಹಂಚನ್ನು ಕಿತ್ತು ಹೊಸ ಗೋರಿಗೆ ಹಾಕುವ ರೂಢಿ ಅಂದು ಇತ್ತು. ಆಗ, ಇದು ಬೇರೆಯವರ ಗೋರಿ ಎಂದು ತಿಳಿಯಲಿ ಎಂಬುದಕ್ಕೇ ಹಂಚನ್ನು ಹಿಂದುಮುಂದಾಗಿ ಇಡುತ್ತಿದ್ದರು ಎಂದು ಅವರ ವಾದ. ಹಾಗಾದರೆ ಹೆಸರು ಒಬ್ಬಳದು, ಎಲುಬು ಇನ್ನೊಬ್ಬಳದು. ಗಾಜಿನ ಪಾತ್ರೆಯಿದ್ದ ಮಾತ್ರಕ್ಕೆ ಹುತಾತ್ಮಳೆಂದು ಹೇಳಲಾಗದು ಎಂದೂ ವಿದ್ವಾಂಸರು ಕಂಡುಕೊಂಡರು. ಕೊನೆಗೆ 1961ರ ಫೆಬ್ರವರಿ 14ರಂದು, ಹಬ್ಬಗಳ ಪಟ್ಟಿಯಿಂದ ಫಿಲೋಮಿನಾ ಹೆಸರನ್ನು ತೆಗೆಯಬೇಕೆಂದು ರೋಮಿನಿಂದ ಆಜ್ಞೆ ಹೊರಟಿತು.

ಆಗ ನಮ್ಮ ತಾಯಿಗೆ ಹದಿನಾಲ್ಕು ವರ್ಷ. ಗೆಳತಿಯರು ತಮಾಷೆ ಮಾಡಿದರಂತೆ. ಅದು ಐವತ್ತರ ಪ್ರಾಯದಲ್ಲೂ ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಆದರೆ ಆಜ್ಞೆ ಹೇಳಿದ್ದು ಏನು, ಹೇಳದ್ದು ಏನು ಎಂದು ನೋಡಬೇಕು. ಪಟ್ಟಿಯಿಂದ ತೆಗೆಯಿರಿ ಎಂದಿತು. ಆ ಹೆಸರಿನವಳು ಹುಟ್ಟಲೇ ಇಲ್ಲ ಎಂದು ಹೇಳಲಿಲ್ಲ. ಮನೆಯಲ್ಲಿ ಪ್ರಾರ್ಥಿಸಬೇಡಿ ಎಂದೂ ಹೇಳಲಿಲ್ಲ. ಇಗರ್ಜಿಗಳ ಹೆಸರು ಹಾಗೆಯೇ ಉಳಿಯಿತು. ಮುನ್ಯಾನೊದಲ್ಲೂ ಮೈಸೂರಿನಲ್ಲೂ ಭಕ್ತರು ಬರುವುದು ನಿಂತಿಲ್ಲ. ಆದರೂ ತಂದೆತಾಯಿಗಳು ಹಿಂಜರಿದರು. 1961ರ ಬಳಿಕ ಈ ಹೆಸರು ಪಡೆದವರು ಕಡಿಮೆಯಾಗುತ್ತಾ ಬಂದರು. ಇದು ಅಜ್ಜಿಯರ ಹೆಸರಾದದ್ದು ಹೀಗೆ.

ಹೆಸರು ಮತ್ತು ಕಾಗದದ ಸಂಬಂಧ ಎಷ್ಟು ಗಂಭೀರ ಎಂಬುದಕ್ಕೆ ಐರ್ಲೆಂಡಿನ ಇನ್ನೊಬ್ಬ ಫಿಲೋಮಿನಾಳ ಕತೆಯಿದೆ. ಫಿಲೋಮಿನಾ ಲೀ 1933ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಅಸ್ತಿಭಾರ ಇಟ್ಟ ವರ್ಷವೇ. ಮದುವೆಗೆ ಮೊದಲು ಗರ್ಭಿಣಿಯಾದರು ಎಂಬ ಕಾರಣಕ್ಕೆ ಅವರನ್ನು ಸಂನ್ಯಾಸಿನಿಯರ ಆಶ್ರಮಕ್ಕೆ ಸೇರಿಸಿದರು. ಅಂಥ ಆಶ್ರಮಗಳಲ್ಲಿ ಹುಡುಗಿಯರನ್ನು ಸ್ವಂತ ಹೆಸರಿನಿಂದ ಕರೆಯದೆ ಬೇರೆ ಹೆಸರಿಟ್ಟು ಕರೆಯುವ ಪದ್ಧತಿಯಿತ್ತು. 1952ರಲ್ಲಿ ಗಂಡು ಮಗು ಹುಟ್ಟಿತು. ಆ್ಯಂಟನಿ ಎಂದು ಹೆಸರಿಟ್ಟರು. 1955ರಲ್ಲಿ ಮಗುವನ್ನು ಅಮೆರಿಕದ ದಂಪತಿಗೆ ದತ್ತು ಕೊಟ್ಟರು. ಅಲ್ಲಿ ಅವನು ಮೈಕೆಲ್ ಆದ. ತಾಯಿ ಮಗನನ್ನು ಹುಡುಕಿದರು, ಮಗ ತಾಯಿಯನ್ನು ಹುಡುಕಿದ. ಹೆಸರು ಬದಲಾದದ್ದರಿಂದ, ವಿವರ ಕೇಳಿದಲ್ಲಿ ಸಿಗದ್ದರಿಂದ, ಒಬ್ಬರಿಗೊಬ್ಬರು ಸಿಗಲಿಲ್ಲ. ಮಗ 1995ರಲ್ಲಿ ತೀರಿಕೊಂಡ, ತನ್ನ ಇಚ್ಛೆಯಂತೆ ಹುಟ್ಟಿದ ಆಶ್ರಮದ ನೆಲದಲ್ಲೇ ಮಣ್ಣಾದ. ತಾಯಿಗೆ ತಿಳಿದದ್ದು ಆಮೇಲೆ. 2009ರಲ್ಲಿ ಇದು ಪುಸ್ತಕವಾಯಿತು. 2013ರಲ್ಲಿ ‘ಫಿಲೋಮಿನಾ’ ಎಂಬ ಹೆಸರಿನಲ್ಲೇ ಸಿನಿಮಾ ಬಂತು. ಜೂಡಿ ಡೆಂಚ್ ಎಂಬ ದೊಡ್ಡ ನಟಿ ಆ ಪಾತ್ರ ಮಾಡಿದ್ದಾರೆ.

ಇನ್ನು ನಮ್ಮ ಕೌಂಟರಿಗೆ ವಾಪಸು ಬರೋಣ. ನಾಲ್ಕು ಕಾಗದದ ನಾಲ್ಕು ಹೆಸರು ಒಬ್ಬರದೇ ಎಂದು ನನಗೆ ಗೊತ್ತಿತ್ತು, ಶಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ದಾಖಲೆ ಬೇರೆ. ವಿಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ದಿ ಸೇಮ್’ ಸರ್ಟಿಫಿಕೇಟು, ಅಂದರೆ ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಪತ್ರ ತರಬೇಕೆಂದಾಯಿತು. ಅದಕ್ಕೆ ಇಗರ್ಜಿಯ ಪತ್ರ, ಶಾಲೆಯ ಪತ್ರ, ಸಾಕ್ಷಿಗಳು. ಅರ್ಜಿ ಮಲಯಾಳದಲ್ಲಿ ಬರೆಯಿಸಬೇಕು. ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿ ಫೀಸು ಕಟ್ಟುವ ದಿನ ಬಂತು. ತಾಯಿ ಎರಡು ಬಳೆ ಅಡವಿಟ್ಟರು. ಹಣ ಕೈಗೆ ಬಂದ ಮೇಲೆ ಒಂದನ್ನು ಬಿಡಿಸಿಕೊಂಡರು. ಇನ್ನೊಂದು ಹೋಯಿತು. ನಾನು ಲೆಡ್ಜರಿನಲ್ಲಿ ಬಿಟ್ಟ ಒಂದು ‘ಎಚ್’ ಅಕ್ಷರದ ಬೆಲೆ ಅದು. ಅವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

ಕೆಲವು ವರ್ಷಗಳ ಮೇಲೆ ನಾನು ತಿಳಿದುಕೊಂಡ ಅರ್ಥವನ್ನು ಅವರಿಗೆ ಹೇಳಿದೆ. ಹಂಚಿನ ಕತೆಯನ್ನೂ ಹೇಳಿದೆ. “ಅಮ್ಮ, ನೀವು ಕೇಳಿದಿರಲ್ಲ, ಸುಳ್ಳಲ್ಲ. ಸಂತಳ ಕತೆ ಹೇಗೇ ಇರಲಿ, ಫಿಲುಮೆನಾ ಎಂಬ ಹೆಸರಿನವಳು ಒಬ್ಬಳು ಇದ್ದಳು. ಅವಳು ಸತ್ತಾಗ ಅವಳ ಮನೆಯವರು, ಶಾಂತಿ ನಿನ್ನೊಡನಿರಲಿ ಎಂದು ಕೆಂಪು ಬಣ್ಣದಲ್ಲಿ ಬರೆದರು. ಅದನ್ನು ಯಾರೂ ಅಳಿಸಿಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿಯೂ ಹಂಚನ್ನು ತಪ್ಪಾಗಿ ಇಟ್ಟವರು ನಿಮ್ಮಂಥವರೇ ಇರಬೇಕು” ಎಂದು ನಕ್ಕರು. ಮೊದಲ ಪ್ರಶ್ನೆಗೆ ಅವರೇ ಉತ್ತರ ಕೊಟ್ಟರು. “ಅಮ್ಮ ಫಿಲ್ಲು ಎಂದು ಕರೆಯುತ್ತಿದ್ದಳು. ನನ್ನ ಹೆಸರು ಅದು. ಉಳಿದದ್ದು ನಿಮ್ಮ ಆಫೀಸಿನದು.”

ಮಾತು ಚಂದವೇ. ಆದರೂ ಗಡಿನಾಡಿನ ನಮಗೆ ಆಫೀಸಿನದೂ ಬೇಕು ಬಂಧುಗಳೇ. ನಾವು ಒಂದು ಹೆಸರನ್ನು ಎರಡು ಮೂರು ಲಿಪಿಗಳಲ್ಲಿ ಬದುಕುವವರು. ಕನ್ನಡದ ‘ಫ’ ಮಲಯಾಳಕ್ಕೆ ಹೋಗುವಾಗ, ತಮಿಳಿಗೆ ಹೋಗುವಾಗ, ಇಂಗ್ಲಿಷಿಗೆ ದಾಟುವಾಗ ವೇಷ ಬದಲಿಸುತ್ತದೆ. ನಿಮ್ಮದು ಫಿಲೋಮಿನಾ ಆಗಿರಬೇಕೆಂದಿಲ್ಲ. ಐತಪ್ಪ, ಗುರುಸಿದ್ದಪ್ಪ, ಜ್ಞಾನೇಶ್ವರಿ, ಬೀಫಾತಿಮಾ, ಯಾವುದಕ್ಕೂ ಇದೇ ಕಷ್ಟ. ಆದ್ದರಿಂದ ಇವತ್ತು ಸಂಜೆ ಒಂದು ಕೆಲಸ ಮಾಡಿ. ರೇಶನ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ, ಶಾಲೆಯ ಪತ್ರ, ಜಾಗದ ಕಾಗದ, ಐದನ್ನೂ ಒಂದೇ ಚಾಪೆಯ ಮೇಲೆ ಹರಡಿ. ಇಂಗ್ಲಿಷ್ ಕಾಗುಣಿತ ಅಕ್ಷರ ಅಕ್ಷರ ಕೂಡಿಸಿ ನೋಡಿ. ತಾಳೆಯಾಗದಿದ್ದರೆ ಆರೋಗ್ಯವಾಗಿರುವಾಗಲೇ, ಇಬ್ಬರೂ ಬದುಕಿರುವಾಗಲೇ ಸರಿಮಾಡಿಸಿಕೊಳ್ಳಿ. ನಾಮಿನಿಯ ಹೆಸರನ್ನು ಬಾಯಲ್ಲಿ ಹೇಳಬೇಡಿ, ಕಾಗದ ತೋರಿಸಿ ಬರೆಯಿಸಿ, ಬರೆದದ್ದನ್ನು ಓದಿಸಿ. ಹೊಸ ಮಗುವಿಗೆ ಹೆಸರಿಡುವವರು ಜನನ ಪತ್ರದಲ್ಲಿ ಬರೆಸುವ ಮೊದಲು ಮನೆಯಲ್ಲೇ ಒಂದು ಕಾಗುಣಿತ ನಿಶ್ಚಯಿಸಿ, ಅದನ್ನೇ ಎಲ್ಲ ಕಡೆ ಕೊಡಿ.

ಹೆಸರಿನ ಅರ್ಥವನ್ನೂ ಮಗುವಿಗೆ ಹೇಳಿಕೊಡಿ. ನೆರೆಮನೆಯಲ್ಲಿ ಫಿಲೋಮಿನಾ ಅಜ್ಜಿ ಇದ್ದರೆ ಅವರಿಗೂ ಹೇಳಿ, ಎಲ್ಲರ ಪ್ರೀತಿಗೆ ಪಾತ್ರಳಾದವಳು ಎಂದು. ನಮ್ಮ ಆ ತಾಯಿ ಈಗಲೂ ಆಗಸ್ಟ್ 11ಕ್ಕೆ ಪಾಯಸ ಮಾಡಿ ಒಂದು ತಂಬಿಗೆ ನಮ್ಮ ಮನೆಗೆ ಕಳಿಸುತ್ತಾರೆ.